ಕೆಂಪು ದಾರದ ಸ್ಕೇಲು

ಮೇ 4, ಬೆಳಿಗ್ಗೆ 7

ಮೂರು ಉಳಿ ಮಸೆದೆ. ದೊಡ್ಡದರ ಮೂಲೆ ಇನ್ನೂ ದುಂಡಗಿದೆ. ನಾಳೆ ಮತ್ತೆ ಕಲ್ಲಿಗೆ. ಇಷ್ಟು ಮಸೆದು ಏನು ಕಡಿಯಬೇಕಾಗಿದೆ ಎಂದು ತಂಗಿ ಕೇಳಿದಳು. ನಿನ್ನ ನಾಲಿಗೆ ಎಂದೆ. ಅದಕ್ಕೆ ಈ ಉಳಿ ಸಾಲದು ಎಂದಳು. ನಿಜ.

ಅವಳ ಗಂಡ ಹೋದ ಮೇಲೆ ಇಬ್ಬರೂ ಒಂದೇ ಮನೆ. ಹನ್ನೆರಡು ವರ್ಷ. ದಿನಾ ಜಗಳ, ದಿನಾ ಒಟ್ಟಿಗೆ ಊಟ.

ಪೇಪರು ಅವಳೇ ಮೊದಲು ಓದುವುದು. ಇವತ್ತು ಓದಿ, ಮಡಚಿ, ನನ್ನ ಚಹಾದ ಪಕ್ಕ ಇಟ್ಟು ಹೋದಳು. ಮಾತಿಲ್ಲ. ಆಗಲೇ ಗೊತ್ತಾಯಿತು — ಮೊಳೆ ಎಂದು ನಾನು ಕರೆಯುತ್ತಿದ್ದವಳ ಸುದ್ದಿ ಇದೆ.

ಫೋಟೋ. ಅವಳ ತಲೆ ಪೂರ್ತಿ ಬೆಳ್ಳಗಾಗಿದೆ. ಜೂನ್ ಮೂವತ್ತಕ್ಕೆ ಯೂನಿವರ್ಸಿಟಿಯ ಕುಲಪತಿ ಹುದ್ದೆಯಿಂದ ನಿವೃತ್ತಿಯಂತೆ. ಕೆಳಗೆ ಉದ್ದಕ್ಕೆ ಸಂದರ್ಶನ. ಮೆಕ್ಯಾನಿಕಲ್ ವಿಭಾಗದ ಮೊದಲ ಹುಡುಗಿ, ಮೊದಲ ಮಹಿಳಾ ಪ್ರೊಫೆಸರ್, ಮೊದಲ ಡೀನ್... ಆಮೇಲೆ ಅದೇ ಕಥೆ. ಯಾರು ಮೈಕು ಕೊಟ್ಟರೂ ಹೇಳುವ ಕಥೆ. "ಓದುವಾಗ ನಾನೊಂದು ಪಂಪಿನ ಚಕ್ರ ಮಾಡಿದ್ದೆ. ವರ್ಕ್‌ಶಾಪಿನಲ್ಲಿ ಒಬ್ಬ ಮೇಸ್ತ್ರಿಗಳಿದ್ದರು. ಯಾವ ಸ್ಕೇಲು ತೆಗೆದುಕೊಳ್ಳಬೇಕೆಂದು ಅವರು ಸರಿಯಾಗಿಯೇ ಹೇಳಿದ್ದರು. ನಾನು ತಪ್ಪು ಸ್ಕೇಲು ಎತ್ತಿಕೊಂಡೆ. ಚಕ್ರ ನಾಲ್ಕು ಮಿಲಿಮೀಟರು ಚಿಕ್ಕದಾಯಿತು. ಆ ನಾಲ್ಕು ಮಿಲಿಮೀಟರೇ ನನ್ನನ್ನು ಎಂಜಿನಿಯರ್ ಮಾಡಿದ್ದು."

ಒಬ್ಬ ಮೇಸ್ತ್ರಿ. ನಾನು.

ಚಹಾ ಆರಿತು. ಇನ್ನೊಂದು ಕೇಳಿದರೆ ಬೈಸಿಕೊಳ್ಳಬೇಕು.

ಮೇ 8

ಯೂನಿವರ್ಸಿಟಿಯ ಮುದ್ರೆ ಇರುವ ಲಕೋಟೆ. ಪೆನ್ಷನ್ನಿನ ತಕರಾರು ಇರಬೇಕು ಎಂದುಕೊಂಡೆ. ಅಲ್ಲ.

ಪ್ಯಾಟರ್ನ್ ಶಾಪು ಕೆಡವುತ್ತಾರಂತೆ. ಮೂವತ್ತೈದು ವರ್ಷ ನಾನು ಮರದ ಮಾದರಿ ಕೆತ್ತಿದ ಜಾಗ. ಇನ್ನು ಮರವೂ ಬೇಡ, ಮೇಸ್ತ್ರಿಯೂ ಬೇಡ. ಕಂಪ್ಯೂಟರಿಗೆ ಹೇಳಿದರೆ ಮಾದರಿ ತಾನೇ ಪ್ರಿಂಟ್ ಆಗುವ ಯಂತ್ರ ಬರುತ್ತದಂತೆ. ಆದೇಶಕ್ಕೆ ಸಹಿ ಹಾಕಿದವಳು ಮೊಳೆಯೇ. ಹಾಕಲಿ. ನಾನಾಗಿದ್ದರೂ ಹಾಕುತ್ತಿದ್ದೆ. ಆ ಛಾವಣಿ ಆಗಲೇ ಸೋರುತ್ತಿತ್ತು.

ಕೆಳಗೆ ಕೈಬರಹ. ಇನ್ನೂ ಅದೇ ಓರೆ ಅಕ್ಷರ.

"ಮೇಸ್ತ್ರಿಗಳೇ, ನಿಮ್ಮ ಮೇಜಿನ ಡ್ರಾಯರು ಯಾರೂ ಮುಟ್ಟಿಲ್ಲ. ಮುಟ್ಟೋಕೆ ನಾನು ಬಿಟ್ಟಿಲ್ಲ. 16ನೇ ತಾರೀಕು ಮಂಗಳವಾರ ಹತ್ತು ಗಂಟೆಗೆ ಬನ್ನಿ. ನಾನೂ ಬರ್ತೀನಿ. — ಮೊಳೆ."

ಆ ಹೆಸರು ನಾನೇ ಇಟ್ಟಿದ್ದು. ಮೊಳೆಯ ಹಾಗೆ ಸಣಕಲು, ತಲೆ ಮಾತ್ರ ಗಟ್ಟಿ, ಹೊಡೆದಷ್ಟೂ ಒಳಗಿಳಿಯುವವಳು. ಈಗ ಅವಳನ್ನು ಹಾಗೆ ಕರೆಯುವವರು ಯಾರೂ ಇಲ್ಲ. ಇದ್ದರೆ ನಾನೊಬ್ಬ. ನಾನೂ ಹದಿನಾಲ್ಕು ವರ್ಷದಿಂದ ಕರೆದಿಲ್ಲ.

ಡ್ರಾಯರಿನಲ್ಲಿ ಎರಡು ಸ್ಕೇಲು ಇವೆ. ಅದಕ್ಕೇ ಲಕೋಟೆಯನ್ನು ಹಾಸಿಗೆಯ ಕೆಳಗೆ ಸೇರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ.

ಮೇ 9, ಮಧ್ಯಾಹ್ನ

ಬರೆದುಬಿಡುತ್ತೇನೆ. ಬಾಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ.

ಕರಗಿದ ಲೋಹ ಆರಿದಾಗ ಕುಗ್ಗುತ್ತದೆ. ಆದ್ದರಿಂದ ಮರದ ಮಾದರಿಯನ್ನು ಒಂದಿಷ್ಟು ದೊಡ್ಡದಾಗಿ ಮಾಡಬೇಕು. ಮರಳಲ್ಲಿ ಅದರ ಅಚ್ಚು ಒತ್ತಿ, ಲೋಹ ಹೊಯ್ದು, ಆರಿದ ಮೇಲೆ ಅಳತೆ ಸರಿಹೋಗುತ್ತದೆ. ಪ್ರತಿ ಸಲ ಲೆಕ್ಕ ಹಾಕುವವರು ಯಾರು? ಅದಕ್ಕೇ ನಮ್ಮ ಕಸುಬಿನಲ್ಲಿ ಸ್ಕೇಲೇ ಸುಳ್ಳು ಹೇಳುತ್ತದೆ. ಕುಗ್ಗು ಸ್ಕೇಲು. ಅದರಲ್ಲಿ ಮುನ್ನೂರು ಎಂದಿದ್ದರೆ ನಿಜಕ್ಕೂ ಮುನ್ನೂರ ನಾಲ್ಕು. ಪಕ್ಕದಲ್ಲಿ ಮಾಮೂಲಿ ಸ್ಕೇಲು ಇಟ್ಟರೆ ಮಾತ್ರ ಗೊತ್ತಾಗುವುದು. ನನ್ನವೆರಡರ ಮೇಲೂ ಕೊರೆದ ಅಕ್ಷರ ಉಜ್ಜಿ ಉಜ್ಜಿ ಸವೆದಿತ್ತು. ಗುರುತಿಗೆಂದು ಕುಗ್ಗು ಸ್ಕೇಲಿನ ತೂತಿಗೆ ಕೆಂಪು ದಾರ ಕಟ್ಟಿದ್ದೆ.

ಆ ದಿನ ಸ್ಟೋರಿನವನ ಜೊತೆ ಜಗಳ. ಮರದ ಅಂಟಿನ ಡಬ್ಬಿ ಒಂದು ಕಡಿಮೆ ಕೊಟ್ಟಿದ್ದ, ಅಷ್ಟಕ್ಕೆ. ಬಂದು ಡ್ರಾಯರು ದಬಾರೆಂದು ಮುಚ್ಚಿದೆ. ದಾರ ಸಿಕ್ಕಿ ಕಿತ್ತುಬಂತು. ಬೈದುಕೊಳ್ಳುತ್ತಲೇ ಮತ್ತೆ ಕಟ್ಟಿದೆ. ಯಾವುದಕ್ಕೆ ಎಂದು ನೋಡಲಿಲ್ಲ. ಕೋಪದ ಕೈಗೆ ಕಣ್ಣಿಲ್ಲ.

ಮರುದಿನ ಮೊಳೆ ಬಂದಳು. ಇಪ್ಪತ್ತೆರಡು ವರ್ಷ. ಕೊನೆಯ ವರ್ಷದ ಪ್ರಾಜೆಕ್ಟು, ಪಂಪಿನ ಚಕ್ರ. ಹೊರದೇಶದಲ್ಲಿ ಓದಲು ಒಂದೇ ಒಂದು ಸೀಟು ಇತ್ತು, ಪ್ರಾಜೆಕ್ಟು ಚೆನ್ನಾಗಿ ಮಾಡಿದವರಿಗೆ. ಸ್ಕೇಲು ಕೇಳಿದಳು. "ದಾರ ಇರೋದು ತಗೋ" ಎಂದೆ. ತೆಗೆದುಕೊಂಡಳು. ಹನ್ನೊಂದು ದಿನ ಕೂತು ಮರ ಕೆತ್ತಿದಳು. ಅಷ್ಟು ನುಣುಪಾದ ಮಾದರಿ ನಾನೂ ಮಾಡಿರಲಿಲ್ಲ.

ಹೊಯ್ದ ಚಕ್ರ ಪಂಪಿನೊಳಗೆ ಗಡಗಡ ಆಡಿತು. ನೀರೆಲ್ಲ ಸಂದಿಯಲ್ಲಿ ವಾಪಸು. ಪ್ರೊಫೆಸರುಗಳು ನಕ್ಕರು. "ಅಡುಗೆಮನೆ ಅಳತೆ" ಎಂದ ಒಬ್ಬ. ಸೀಟು ಬೇರೆ ಹುಡುಗನಿಗೆ ಹೋಯಿತು.

ಎರಡು ಸ್ಕೇಲನ್ನೂ ಅಂಚಿಗೆ ಅಂಚು ಇಟ್ಟು ನೋಡಿದೆ. ದಾರ ಇದ್ದದ್ದು ಮಾಮೂಲಿ ಸ್ಕೇಲಿಗೆ. ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಇನ್ನೆಲ್ಲಿ ಸೇರಿಸಿಕೊಳ್ಳುತ್ತಾರೆ? ದಾರ ಬಿಚ್ಚಿ ಸರಿಯಾದ ಸ್ಕೇಲಿಗೆ ಕಟ್ಟಿದೆ. ಒಂದು ನಿಮಿಷದ ಕೆಲಸ.

ಹತ್ತು ನಿಮಿಷಕ್ಕೆ ಅವಳು ಬಂದಳು. ಸ್ಕೇಲು ಎರಡೂ ಅಳೆದಳು. ದಾರ ಇದ್ದದ್ದು ಸರಿಯಾಗಿಯೇ ಇತ್ತು. ಮುಖ ಸಣ್ಣದಾಯಿತು. "ಮೇಸ್ತ್ರಿಗಳೇ, ನಾನು ದಾರ ಇದ್ದದ್ದನ್ನೇ ತಗೊಂಡಿದ್ದೆ ಅಲ್ವಾ?"

"ನಾನೇನು ನೋಡ್ತಾ ಕೂತಿದ್ನಾ?" ಎಂದೆ.

ಅಷ್ಟೇ. ನಲವತ್ತಮೂರು ವರ್ಷ.

ಮೇ 10

ನಿನ್ನೆ ಬರೆದದ್ದನ್ನು ಓದಿದೆ. ಪೂರ್ತಿ ನಿಜವಲ್ಲ. ಹೆದರಿಕೆ ಒಂದೇ ಆಗಿದ್ದರೆ ಆಮೇಲಾದರೂ ಹೇಳುತ್ತಿದ್ದೆ.

ಸೀಟು ತಪ್ಪಿದ್ದರಿಂದ ಅವಳು ಒಂದು ವರ್ಷ ಇಲ್ಲೇ ಉಳಿದಳು. ಡೆಮಾನ್‌ಸ್ಟ್ರೇಟರ್ ಕೆಲಸ. ಸರಿಯಾಗಿ ಹನ್ನೊಂದು ತಿಂಗಳು. ಕ್ಲಾಸು ಮುಗಿದ ಕೂಡಲೇ ಪ್ಯಾಟರ್ನ್ ಶಾಪಿಗೆ. ತಪ್ಪು ಮಾಡಿದ ಕೆಲಸವನ್ನು ಬೇರಿನಿಂದ ಕಲಿಯಬೇಕಂತೆ. ತನ್ನದಲ್ಲದ ತಪ್ಪು! ಮರ ಕೀಸುವ ಹತ್ತರಿ ಹೊಡೆಯುವಾಗ ಕಣ್ಣಿಗಿಂತ ಕಿವಿ ಮುಖ್ಯ ಎಂದು ನಾನು ಹೇಳಿಕೊಟ್ಟೆ. ಸೈನು, ಕೊಸೈನು ಎಲ್ಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಅವಳು ನನಗೆ ಹೇಳಿಕೊಟ್ಟಳು. ನನಗೆ ಅರ್ಥವಾಗದಿದ್ದರೆ ಬೈಯುತ್ತಿದ್ದಳು. ನನ್ನನ್ನು ಬೈದ ಮೊದಲ ಎಂಜಿನಿಯರು ಅವಳು. ಉಳಿದವರು "ಏ ಮಿಸ್ತ್ರಿ" ಎಂದು ಕೂಗಿ ಡ್ರಾಯಿಂಗು ಎಸೆದು ಹೋಗುವವರು. ಮಗುಚಿದ ಪೆಟ್ಟಿಗೆಯ ಮೇಲೆ ಕೂತು ಊಟ ಮಾಡುತ್ತಿದ್ದಳು. ಕೂದಲಲ್ಲಿ ಮರದ ಸುರುಳಿ ಸಿಕ್ಕಿಕೊಂಡಿದ್ದರೂ ಹಾಗೇ ಕ್ಲಾಸಿಗೆ ಹೋಗುತ್ತಿದ್ದಳು. ನಾನು ಹೇಳುತ್ತಿರಲಿಲ್ಲ.

ಆಗ ನನಗೆ ಮೂವತ್ತೊಂದು. ಪ್ರೀತಿ ಗೀತಿ ಏನೂ ಅಲ್ಲ.

ಅಲ್ಲ ಎಂದು ಬರೆದದ್ದನ್ನು ಓದಿದರೆ ಹೌದು ಎಂಬಂತೆ ಕಾಣುತ್ತದೆ. ಇರಲಿ. ಹೊಡೆದುಹಾಕುವುದಿಲ್ಲ.

ಹೇಳಿದ್ದರೆ ಆ ಹನ್ನೊಂದು ತಿಂಗಳು ಸಿಗುತ್ತಿರಲಿಲ್ಲ. ನಿಜ ಇದು.

ಮೇ 13, ಸಂಜೆ

ತಂಗಿಗೆ ಹೇಳಿದೆ. ಕಾಳು ಆರಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು" ಎಂದಳು.

"ಏನು ಗೊತ್ತಿತ್ತು?"

"ಏನೋ ಇದೆ ಅಂತ. ಪೇಪರಲ್ಲಿ ಅವಳ ಹೆಸರು ಬಂದ ದಿನ ನಿನಗೆ ಊಟ ಸೇರಲ್ಲ. ಪಾಪ, ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಪಾಪ ಅಲ್ಲ, ಮಹಾಪಾಪ!"

"ಹೇಳ್ಬೇಕು ಅಂತಿದೀನಿ."

"ನಲವತ್ತು ವರ್ಷ ನುಂಗಿಕೊಂಡಿದ್ದನ್ನ ಈಗ ಯಾಕೆ ಕಕ್ತೀಯಾ? ನಿನ್ನ ಹೊಟ್ಟೆ ಹಗುರ ಆಗುತ್ತೆ, ಅವಳ ತಲೆ ಭಾರ ಆಗುತ್ತೆ. ನಿವೃತ್ತಿ ಆಗೋ ಹೊತ್ತಲ್ಲಿ ಒಳ್ಳೆ ಉಡುಗೊರೆ."

ಮುಚ್ಚು ಬಾಯಿ ಎಂದೆ. ಮುಚ್ಚಿದಳು. ಅದೇ ಹೆಚ್ಚು ಚುಚ್ಚಿತು.

ಮೇ 15

ನಾಳೆ. ಅಂಗಿ ಇಸ್ತ್ರಿ ಮಾಡಿಸಿದೆ.

ಅವಳು ಬೇರೆ ಊರಲ್ಲಿ ಡಾಕ್ಟರೇಟು ಮುಗಿಸಿ ಲೆಕ್ಚರರ್ ಆಗಿ ವಾಪಸು ಬಂದ ದಿನ ಮೊದಲು ನಿಂತದ್ದು ನಮ್ಮ ಬಾಗಿಲಲ್ಲಿ. "ಮೇಸ್ತ್ರಿಗಳೇ, ಇವತ್ತಿಂದ ಲೆಕ್ಚರರ್." ನಾನು, "ಸರಿ. ಬಾಗಿಲು ಹಾಕು, ಹೊಟ್ಟು ಹಾರುತ್ತೆ." ಕಿಸಕ್ಕನೆ ನಕ್ಕು ಬಾಗಿಲು ಹಾಕಿಕೊಂಡು ಹೋದಳು. ಆಗ ಆ ಕಟ್ಟಡದಲ್ಲಿ ಹೆಂಗಸರಿಗೆ ಟಾಯ್ಲೆಟ್ಟೂ ಇರಲಿಲ್ಲ. ಲೈಬ್ರರಿಯವರೆಗೆ ನಡೆದು ಹೋಗಬೇಕಿತ್ತು. ಆರು ವರ್ಷ ನಡೆದಳು. ಅರ್ಜಿ ಕೊಟ್ಟು ಕೊಟ್ಟು ಕಟ್ಟಿಸಿದಳು.

"ಇವತ್ತಿಂದ ರೀಡರ್." ಹೊಟ್ಟು ಹಾರುತ್ತೆ.

"ಇವತ್ತಿಂದ ಪ್ರೊಫೆಸರ್." ಹೊಟ್ಟು ಹಾರುತ್ತೆ.

"ಇವತ್ತಿಂದ ವಿಭಾಗದ ಮುಖ್ಯಸ್ಥೆ, ಮೇಸ್ತ್ರಿಗಳೇ. ನಿಮಗೂ ನಾನೇ ಬಾಸು." ಬಾಸಾದರೇನು, ಬಾಗಿಲು ಹಾಕು.

ಅದಾದ ಮರುವರ್ಷ ನನ್ನ ನಿವೃತ್ತಿ. ಡೀನ್ ಆದದ್ದು ಪೇಪರಿನಲ್ಲಿ ಓದಿದೆ. ಕುಲಪತಿ ಆದಾಗ ಒಂದು ಸಲ ಆಫೀಸಿನವರೆಗೆ ಹೋಗಿದ್ದೆ. ಬಾಗಿಲಲ್ಲಿದ್ದ ಜವಾನ "ಏನು ಕೆಲಸ?" ಎಂದ. ಏನು ಕೆಲಸ ಎಂದು ಹೇಳುವುದು? ವಾಪಸು ಬಂದೆ. ಅವಳೂ ಬರುತ್ತಿದ್ದಳೇನೋ — ಬಂದು ನಿಲ್ಲಲು ಬಾಗಿಲೇ ಇರಲಿಲ್ಲವಲ್ಲ. ಈ ಮನೆಯ ವಿಳಾಸ ಅವಳಿಗೆ ನಾನು ಕೊಟ್ಟಿರಲಿಲ್ಲ. ಪೆನ್ಷನ್ ಫೈಲಿನಿಂದ ಹುಡುಕಿಸಿರಬೇಕು.

ಮೇ 16, ಮಧ್ಯಾಹ್ನ 2

ಹೇಳಿದೆ.

ಕಾರಿಲ್ಲದೆ ನಡೆದೇ ಬಂದಳು, ಒಬ್ಬಳೇ. ಬೀಗದ ಕೈ ಅವಳ ಹತ್ತಿರ. ಒಳಗೆ ಧೂಳು, ಪಾರಿವಾಳದ ಹಿಕ್ಕೆ. ನನ್ನ ಮೇಜು ಅಲ್ಲೇ. ಡ್ರಾಯರು ಬಿಗಿದುಕೊಂಡಿತ್ತು. ಕೆಳಗಿಂದ ಗುದ್ದಿದೆ, ಬಂತು. ಎಣ್ಣೆ ಕಾಗದದಲ್ಲಿ ಎರಡು ಸ್ಕೇಲು. ದಾರ ಕೆಂಪು ಹೋಗಿ ಕಂದಾಗಿದೆ.

ಎತ್ತಿಕೊಂಡು ನಕ್ಕಳು. "ಇದೇ ಅಲ್ವಾ? ಇದನ್ನ ಬಿಟ್ಟು ಆ ಬೋಳು ಸ್ಕೇಲು ಎತ್ಕೊಂಡಿದ್ನಲ್ಲ ಮೇಸ್ತ್ರಿಗಳೇ, ಎಂಥಾ ದಡ್ಡಿ ನಾನು!"

"ನೀನು ದಾರ ಇದ್ದದ್ದನ್ನೇ ಎತ್ಕೊಂಡಿದ್ದೆ."

"ಏನು?"

"ದಾರ ಬೋಳು ಸ್ಕೇಲಿಗೆ ಕಟ್ಟಿದ್ದೆ ನಾನು. ನೋಡ್ದೆ ಕಟ್ಟಿದ್ದು. ಚಕ್ರ ಕೆಟ್ಟ ಮೇಲೆ ಬಿಚ್ಚಿ ಇದಕ್ಕೆ ಕಟ್ಟಿದೆ."

ಮಗುಚಿದ ಪೆಟ್ಟಿಗೆ ಇನ್ನೂ ಅಲ್ಲೇ ಇತ್ತು. ಅದರ ಮೇಲೆ ಕೂತಳು. ಧೂಳು ಒರೆಸಲಿಲ್ಲ.

"ಯಾವಾಗ ಬಿಚ್ಚಿದ್ರಿ?"

"ನೀನು ಅಳೆಯೋಕೆ ಬರೋದಕ್ಕೆ ಹತ್ತು ನಿಮಿಷ ಮುಂಚೆ."

"ನಾನು ನಿಮ್ಮನ್ನ ಕೇಳಿದ್ದೆ."

"ಕೇಳಿದ್ದೆ."

"ಏನಂದ್ರಿ?"

"...ನಾನೇನು ನೋಡ್ತಾ ಕೂತಿದ್ನಾ ಅಂದೆ."

"ಹ್ಞೂಂ. ಅದೇ ಅಂದ್ರಿ."

ಆಮೇಲೆ ಕಿಟಕಿಯ ಕಡೆ ನೋಡಿ ಹೇಳಿದಳು, ನನಗಲ್ಲ ಎಂಬ ಹಾಗೆ. "ಅವತ್ತಿಂದ ನಾನು ನನ್ನ ಕಣ್ಣನ್ನೇ ನಂಬಿಲ್ಲ. ಡ್ರಾಯಿಂಗ್ ಬಂದ್ರೆ ಮೂರು ಸಲ ನೋಡ್ತೀನಿ. ಸಹಿ ಹಾಕೋ ಮುಂಚೆ ಎದ್ದು ಹೊರಗೆ ಓಡಾಡಿ ಬಂದು ಮತ್ತೆ ನೋಡ್ತೀನಿ. ಮನೆ ಬೀಗ ಹಾಕಿ ಅರ್ಧ ದಾರಿ ಹೋಗಿ ವಾಪಸ್ ಬರ್ತೀನಿ. ಜನ ಅದನ್ನ ಶಿಸ್ತು ಅಂತಾರೆ. ನನಗೆ ಗೊತ್ತು ಅದು ಏನು ಅಂತ."

ಏನಾದರೂ ಹೇಳಬೇಕಿತ್ತು. ಹೇಳಿದೆ. ಈ ಬಾಯಿಗೆ ಬೆಂಕಿ ಹಾಕ.

"ಅದಕ್ಕೇ ತಾನೇ ಕುಲಪತಿ ಆಗಿದ್ದು" ಎಂದೆ.

ನನ್ನ ಮುಖ ನೋಡಿದಳು. "ಹೌದಾ" ಎಂದಳು. ಎದ್ದಳು. ದಾರ ಇದ್ದ ಸ್ಕೇಲನ್ನು ಚೀಲಕ್ಕೆ ಹಾಕಿಕೊಂಡಳು. ಬೋಳು ಸ್ಕೇಲು ಮೇಜಿನ ಮೇಲೇ ಬಿಟ್ಟಳು. ಹೋಗುವಾಗ ಬಾಗಿಲು ಹಾಕಿಕೊಂಡು ಹೋದಳು. ಹಾರಲು ಹೊಟ್ಟು ಎಲ್ಲಿತ್ತು?

ಮೇ 28

ಏನೂ ಇಲ್ಲ.

ಉಳಿ ಮಸೆಯಲಿಲ್ಲ.

ಜೂನ್ 11, ಬೆಳಿಗ್ಗೆ

ತಂಗಿ ಇವತ್ತು ಕೇಳಿದಳು. "ಅವತ್ತು ಎಲ್ಲ ಹೇಳಿದೆ ಅಂದ್ಯಲ್ಲ. ಕ್ಷಮಿಸು ಅಂದ್ಯಾ?"

"ಎಲ್ಲ ಹೇಳಿದೆ."

"ಕ್ಷಮಿಸು ಅಂದ್ಯಾ ಅಂತ ಕೇಳಿದ್ದು."

ಪೇಪರು ಎತ್ತಿಕೊಂಡೆ. ಓದಿದ್ದು ಒಂದಕ್ಷರ ತಲೆಗೆ ಹೋಗಲಿಲ್ಲ. ಅಂದಿರಲಿಲ್ಲ. ದಾರದ ವಿಷಯ ಹೇಳಿದೆ, ಹತ್ತು ನಿಮಿಷದ ವಿಷಯ ಹೇಳಿದೆ, ಆ ಒಂದು ಮಾತು ಬಿಟ್ಟು. ಬಿಟ್ಟೆ ಎಂದೂ ಗೊತ್ತಿರಲಿಲ್ಲ. ಎಪ್ಪತ್ತನಾಲ್ಕು ವರ್ಷದಲ್ಲಿ ಯಾರಿಗೆ ಅಂದಿದ್ದೇನೆ ಆ ಮಾತು? ನೆನಪಾಗುತ್ತಿಲ್ಲ. ಸ್ಟೋರಿನವನಿಗೂ ಅಂದಿಲ್ಲ, ಸತ್ತೇ ಹೋದ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನನ್ನನ್ನು ನೋಡಿಯೇ ಹೇಳುತ್ತಿದ್ದಳು.

ಜೂನ್ 22

ಬೀಳ್ಕೊಡುಗೆಯ ಕಾರ್ಡು ಬಂತು. ದಪ್ಪ ಕಾಗದ, ಚಿನ್ನದ ಅಂಚು. ತಿರುಗಿಸಿ ನೋಡಿದೆ. ಕೈಬರಹ ಇಲ್ಲ. ಲಕೋಟೆಯ ಒಳಗೂ ನೋಡಿದೆ. ಇಲ್ಲ.

ಜೂನ್ 30, ಸಂಜೆ 6

ಈಗ ಬಂದೆವು. ಕಾಲು ನೋಯುತ್ತಿದೆ.

ದೊಡ್ಡ ಹಾಲು. ಹಿಂದಿನ ಸಾಲು ಹಿಡಿದೆ. ತಂಗಿ ಪಕ್ಕದಲ್ಲಿ. ಕ್ಷಮಿಸು ಎಂಬುದನ್ನು ದಾರಿಯುದ್ದಕ್ಕೂ ಬಾಯೊಳಗೇ ಹೇಳಿಕೊಂಡು ಹೋಗಿದ್ದೆ. ಮುಗಿದ ಮೇಲೆ ಹತ್ತಿರ ಹೋಗಿ ಹೇಳುವುದು ಎಂದು.

ಯಾರು ಯಾರೋ ಹೊಗಳಿದರು. ಹೆಣ್ಣುಮಕ್ಕಳ ಹಾಸ್ಟೆಲ್ಲು ಕಟ್ಟಿಸಿದ್ದು, ಫೀಸು ಏರಿಸಿದಾಗ ಡೀನ್ ಆಗಿದ್ದೂ ಹುಡುಗರ ಜೊತೆ ನೆಲದ ಮೇಲೆ ಕೂತದ್ದು, ಐದು ವರ್ಷದಲ್ಲಿ ಒಂದು ಫೈಲೂ ಮೂರು ದಿನ ದಾಟದ್ದು. ಶಿಸ್ತು, ಶಿಸ್ತು, ಶಿಸ್ತು. ಆ ಪದ ಬಂದಾಗಲೆಲ್ಲ ನಾನು ಚಪ್ಪಲಿ ನೋಡಿದೆ.

ಆಮೇಲೆ ಅವಳು. ಇಪ್ಪತ್ತು ನಿಮಿಷ. ನಾನು ಕಾದೆ. ಈಗ ಹೇಳುತ್ತಾಳೆ — ವರ್ಕ್‌ಶಾಪಿನಲ್ಲಿ ಒಬ್ಬ ಮೇಸ್ತ್ರಿಗಳಿದ್ದರು. ನಿಜ ಹೇಳಿದರೆ ಹೇಳಲಿ. ಹೆಸರು ಹಿಡಿದು, ಎಬ್ಬಿಸಿ ನಿಲ್ಲಿಸಿ, ಇವನೇ ಎಂದರೂ ಸರಿ. ನಿಲ್ಲುತ್ತೇನೆ. ಪಂಪಿನ ಬಗ್ಗೆ ಹೇಳಿದಳು. ವಿದ್ಯಾರ್ಥಿಗಳ ಬಗ್ಗೆ. ಲೈಬ್ರರಿಯವರೆಗೆ ನಡೆದ ದಾರಿಯ ಬಗ್ಗೆ. ಎಲ್ಲರೂ ನಕ್ಕರು. ನಮಸ್ಕಾರ ಎಂದಳು.

ಮುಗಿಯಿತು.

ಮುಂದಿನ ಸಾಲಿನಲ್ಲಿದ್ದ ಲೆಕ್ಚರರ್ ಹುಡುಗಿ ಪಕ್ಕದವಳಿಗೆ ಹೇಳಿದಳು, "ಸ್ಕೇಲಿನ ಕಥೆ ಹೇಳ್ಲೇ ಇಲ್ವಲ್ಲೇ! ಅದಿಲ್ಲದೆ ಮೇಡಂ ಭಾಷಣ ಮುಗ್ಸಿದ್ದೇ ಇಲ್ಲ."

ಹತ್ತಿರ ಹೋಗಲಿಲ್ಲ. ಹಾರ, ಕ್ಯಾಮೆರಾ, ಜನ. ತಂಗಿ ತಳ್ಳಿದಳು, ಹೋಗು ಎಂದಳು. ನಾನು ಬಾಗಿಲ ಕಡೆ ತಿರುಗಿದೆ.

ದಾರಿಯಲ್ಲಿ ಹೊಳೆದದ್ದು ಇದು. ಆ ಸುಳ್ಳು ಕಥೆಯಲ್ಲಿ ನಾನಿದ್ದೆ. ಅವಳು ಎಲ್ಲಿಗೆ ಹೋದರೂ, ಯಾವ ಊರಿನ ಯಾವ ಸಭೆಯಲ್ಲಿ ನಿಂತರೂ, ಒಬ್ಬ ಮೇಸ್ತ್ರಿ ಜೊತೆಗೆ ಹೋಗುತ್ತಿದ್ದ. ನಲವತ್ತಮೂರು ವರ್ಷ ಹೋದ. ಈಗ ನಾನೇ ಅವನನ್ನು ಇಳಿಸಿಬಿಟ್ಟೆ.

ತಂಗಿ ತಟ್ಟೆ ಇಟ್ಟಿದ್ದಾಳೆ. ಬೈಯದೆ ಇಟ್ಟಿದ್ದಾಳೆ.

ಜುಲೈ 2, ಬೆಳಿಗ್ಗೆ 11

ಫೋನು. ತಂಗಿ ಎತ್ತಿದಳು. "ಯಾರು? ...ಏನು? ಮೊಳೇನಾ?" ನನ್ನ ಕಡೆ ತಿರುಗಿ ಕಣ್ಣು ಅಗಲಿಸಿ ಕೊಟ್ಟಳು.

"ಮೇಸ್ತ್ರಿಗಳೇ."

"ಹೇಳು."

"ಕೋಪ ಹೋಗಿಲ್ಲ ನನಗೆ."

"ಹೋಗ್ಬಾರ್ದು."

"ಆ ಕಥೆ ಬಾಯಿಗೆ ಬರ್ಲೇ ಇಲ್ಲ ಮೊನ್ನೆ. ಹಳೇದು ಹೇಳೋಕಾಗಲ್ಲ. ಹೊಸದು ಹೇಗೆ ಹೇಳ್ಬೇಕೋ ಗೊತ್ತಿಲ್ಲ." ಉಸಿರು ಎಳೆದುಕೊಂಡಳು. "ನಿಮ್ಮ ಹತ್ರ ಮರ ಇದೆಯಾ?"

"ಎಂಥ ಮರ?"

"ಚಕ್ರಕ್ಕೆ. ಮುನ್ನೂರು ಮಿಲಿಮೀಟರು. ಒಂದು ಸಲ ಸರಿಯಾಗಿ ಮಾಡಿ ನೋಡ್ಬೇಕು ಅಂತಿದೆ. ಮೊದಲನೇ ಸಲ ನನ್ನ ಕಣ್ಣು ಸರಿಯಿತ್ತಾ ಇಲ್ವಾ ಅಂತ. ಕೈ ಖಾಲಿ ಇದೆ ಈಗ. ನಾಳೆ ಹತ್ತು ಗಂಟೆಗೆ ಬರ್ಲಾ?"

ಮರ ಇದೆ ಎಂದೆ. ಆ ಇನ್ನೊಂದು ಮಾತು ಅಲ್ಲೇ, ನಾಲಿಗೆಯ ತುದಿಯಲ್ಲೇ ಇತ್ತು. ಫೋನಿನಲ್ಲಿ ಹೇಳುವುದಲ್ಲ. ಇಟ್ಟುಬಿಟ್ಟೆ.

ಮರ ಇರಲಿಲ್ಲ! ಓಡಿದೆ. ಮರದಂಗಡಿಯವನು ಭಾನುವಾರ ಎಂದು ಗೊಣಗಿದ. ನಾನೂ ಗೊಣಗಿದೆ. ಗಂಟಿಲ್ಲದ ಹಲಗೆ ಹುಡುಕಿಸಿ ತಂದೆ.

ಜುಲೈ 3, ಬೆಳಿಗ್ಗೆ 9.40

ಆರಕ್ಕೇ ಎದ್ದು ಉಳಿ ಎಲ್ಲ ಮಸೆದೆ. ದೊಡ್ಡದರ ಮೂಲೆ ಸರಿಹೋಗಿದೆ. ಹಲಗೆಗೆ ಹತ್ತರಿ ಹೊಡೆದೆ. ದನಿ ಚೆನ್ನಾಗಿ ಬಂತು, ಕಿವಿ ಇನ್ನೂ ಇದೆ. ಹಜಾರದ ತುಂಬ ಮರದ ಸುರುಳಿ, ಹೊಟ್ಟು. ಗುಡಿಸಬೇಡ ಎಂದೆ. ತಂಗಿ ಪೊರಕೆ ಹಿಡಿದು ನಿಂತಳು. "ಕುಲಪತಿ ಬರೋ ಮನೆ ಇದಾ?"

"ಕುಲಪತಿ ಅಲ್ಲ ಬರ್ತಿರೋದು" ಎಂದೆ. ಪೊರಕೆ ಇಟ್ಟಳು.

ನನ್ನ ಹತ್ತಿರ ಇರುವುದು ಅವತ್ತು ಮೇಜಿನಿಂದ ಎತ್ತಿ ತಂದ ಬೋಳು ಸ್ಕೇಲು. ಕುಗ್ಗುವುದನ್ನು ಅಳೆಯುವುದು ಅವಳ ಚೀಲದಲ್ಲಿದೆ. ತರುತ್ತಾಳೆ. ಮರೆಯುವವಳಲ್ಲ, ಮೂರು ಸಲ ನೋಡಿಕೊಂಡಿರುತ್ತಾಳೆ.

ಮರ ಮುಟ್ಟುವುದಕ್ಕೆ ಮೊದಲೇ ಹೇಳಬೇಕು. ಹೇಗೆ ಶುರು ಮಾಡುವುದು? ಕ್ಷಮಿಸು ಮೊಳೆ. ಬರೆದರೆ ಎಷ್ಟು ಚಿಕ್ಕದು. ಎರಡೇ ಪದ. ಇನ್ನೊಂದು ಸಲ ಬರೆಯುತ್ತೇನೆ, ಬಾಯಿಗೆ ರೂಢಿಯಾಗಲಿ. ಕ್ಷಮಿಸು ಮೊಳೆ.

ಗೇಟು.

ತಂಗಿಯ ದನಿ — "ಒಳಗಿದಾನೆ, ಬರೀತಾ ಕೂತಿದಾನೆ. ಹೊಟ್ಟು ಬಿದ್ದಿದೆ, ಜಾರೀರಿ." ಆಮೇಲೆ ಇನ್ನೊಂದು ದನಿ, ಬಾಗಿಲಲ್ಲೇ ನಿಂತು, ಅಲ್ಲಿಂದಲೇ ಜೋರಾಗಿ — "ಮೇಸ್ತ್ರಿಗಳೇ, ಇವತ್ತಿಂದ ಏನೂ ಅಲ್ಲ!"

ಬಾಗಿಲು ತೆರೆದೇ ಇರಲಿ. ಹೊಟ್ಟು ಹಾರಿದರೆ ಹಾರಲಿ.